ಆಫೀಸಿನ ಎಲ್ಲ ಕಂಪ್ಯೂಟರಿಗೂ ಸಂಸ್ಥೆಯದೇ ಥೀಮ್: ಎಲ್ಲಿ ಕೈ ಕೊಡುತ್ತೆ, ಹೇಗೆ ಮಾಡಬೇಕು

ಗಂಗಾವತಿಯ ಒಂದು ಅಕ್ಕಿ ಗಿರಣಿಯ ಆಫೀಸಿನಿಂದ ಸೋಮವಾರ ಬೆಳಿಗ್ಗೆ ಫೋನ್ ಬಂತು. "ಸರ್, ನಾಕೂ ಕಂಪ್ಯೂಟರ್ ಕರ್ರಗಾಗ್ಯಾವ್ರೀ. ನೀವ್ ಹಾಕಿದ್ ಚಿತ್ರ ಎಲ್ಲಿ ಹೋತು?" ಶನಿವಾರ ಸಂಜೆ ನಾನೇ ಕೂತು ಥೀಮ್, ಅಂದರೆ ಪರದೆಯ ಹಿನ್ನೆಲೆ ಚಿತ್ರ ಮತ್ತು ಬಣ್ಣಗಳ ಜೋಡಣೆ, ಹಾಕಿ ಬಂದಿದ್ದೆ. ಚಿತ್ರ ಎಲ್ಲೂ ಹೋಗಿರಲಿಲ್ಲ. ಅಕೌಂಟೆಂಟ್ ಕಂಪ್ಯೂಟರಿನ ಶೇರ್ಡ್ ಫೋಲ್ಡರ್‌ನಲ್ಲೇ ಇತ್ತು. ಅವತ್ತು ಅಕೌಂಟೆಂಟ್ ರಜೆ, ಅವರ ಕಂಪ್ಯೂಟರ್ ಆಫ್. ಉಳಿದ ನಾಲ್ಕೂ ಆ ಚಿತ್ರ ಹುಡುಕಿ, ಸಿಗದೆ, ಕಪ್ಪಾಗಿ ಕೂತಿದ್ದವು.

ಇದು ನನ್ನೊಬ್ಬನ ಕಥೆ ಅಲ್ಲ. ಬಳ್ಳಾರಿಯ ಜೀನ್ಸ್ ಘಟಕ ಇರಲಿ, ರಾಯಚೂರಿನ ಹತ್ತಿ ವ್ಯಾಪಾರಿ ಇರಲಿ, ಕೊಪ್ಪಳದ ಸಹಕಾರಿ ಸಂಘ ಇರಲಿ, ಥೀಮ್ ಮಾಡೋಕೆ ಹೊರಟವರು ಎಡವೋದು ಅವೇ ನಾಲ್ಕೈದು ಕಡೆ. ಕಾರಣವೂ ಒಂದೇ. ಎಲ್ಲರೂ ಚಿತ್ರ ಬಿಡಿಸೋದರಿಂದ ಶುರು ಮಾಡ್ತಾರೆ. ಚಿತ್ರ ಮೂರನೇ ಹಂತದ ಕೆಲಸ. ಕೆಳಗಿನದು ವಿಂಡೋಸ್ 10 ಮತ್ತು 11 ಎರಡಕ್ಕೂ ಹೊಂದುತ್ತದೆ.

## ಬೇಕಾಗುವ ಸಾಮಾನು

ಲೋಗೋ ಕೆಲಸಕ್ಕೆ ಇಂಕ್‌ಸ್ಕೇಪ್, ಫೋಟೋ ಕೆಲಸಕ್ಕೆ ಗಿಂಪ್. ಎರಡೂ ಉಚಿತ. ಕೋರೆಲ್ ಡ್ರಾ ಅಥವಾ ಫೋಟೋಶಾಪ್ ಕೈಗೆ ಒಗ್ಗಿದ್ದರೆ ಅದೇ ಸಾಕು. ಒಂದು ಪೆನ್ ಡ್ರೈವ್, ಒಂದು ನೋಟ್‌ಬುಕ್. ಇವೆಲ್ಲಕ್ಕಿಂತ ಮುಖ್ಯ, ಪ್ರತಿ ಕಂಪ್ಯೂಟರಿನ ಅಡ್ಮಿನ್ ಪಾಸ್‌ವರ್ಡ್. ಅದು ಯಾರ ಹತ್ತಿರ ಇದೆ ಅಂತ ಮೊದಲೇ ಕೇಳಿಕೊಳ್ಳಿ. "ಹಾಕಿಕೊಟ್ಟ ಹುಡುಗ ಬೆಂಗಳೂರಿಗೆ ಹೋದ" ಅನ್ನೋ ಉತ್ತರ ಎಷ್ಟು ಕಡೆ ಕೇಳಿದ್ದೇನೋ ಲೆಕ್ಕವಿಲ್ಲ.

## ಹಂತ 1: ಮೊದಲು ಆಫೀಸ್ ಸುತ್ತಿ ಬನ್ನಿ

ಪ್ರತಿ ಕಂಪ್ಯೂಟರಿನ ಮುಂದೆ ನಿಂತು ಮೂರು ವಿಷಯ ಬರೆದುಕೊಳ್ಳಿ.

ಮೊದಲನೆಯದು ಪರದೆಯ ಅಳತೆ. ಡೆಸ್ಕ್‌ಟಾಪ್ ಮೇಲೆ ಬಲ ಕ್ಲಿಕ್ ಮಾಡಿ ಡಿಸ್‌ಪ್ಲೇ ಸೆಟ್ಟಿಂಗ್ಸ್ ತೆರೆದರೆ ರೆಸಲ್ಯೂಶನ್ (ಪರದೆಯಲ್ಲಿ ಎಷ್ಟು ಪಿಕ್ಸೆಲ್) ಮತ್ತು ಸ್ಕೇಲ್ (ಎಲ್ಲವನ್ನೂ ಎಷ್ಟು ಹಿಗ್ಗಿಸಿ ತೋರಿಸುತ್ತೆ) ಎರಡೂ ಕಾಣುತ್ತವೆ. ನಮ್ಮ ಕಡೆ ಒಂದೇ ಆಫೀಸಿನಲ್ಲಿ ಮೂರು ಕಾಲದ ಮಾನಿಟರ್ ಇರುತ್ತವೆ. ಮಾಲೀಕರ ಟೇಬಲ್ ಮೇಲೆ 1920 × 1080, ಲ್ಯಾಪ್‌ಟಾಪ್‌ನಲ್ಲಿ 1366 × 768, ಲಾರಿ ತೂಗುವ ವೇಬ್ರಿಡ್ಜ್ ಕೋಣೆಯಲ್ಲಿ ಧೂಳು ಹಿಡಿದ 1280 × 1024 ಚೌಕ ಮಾನಿಟರ್. ಆ ಚೌಕದ್ದನ್ನು ಮರೆತರೆ ಮುಂದೆ ಅದೇ ನಿಮ್ಮನ್ನು ಕಾಡೋದು.

ಎರಡನೆಯದು ವಿಂಡೋಸ್ ಎಡಿಷನ್. ಸೆಟ್ಟಿಂಗ್ಸ್‌ನ ಸಿಸ್ಟಂ ಒಳಗೆ ಅಬೌಟ್ ನೋಡಿ. ಹೋಮ್ ಎಡಿಷನ್‌ನಲ್ಲಿ ಗ್ರೂಪ್ ಪಾಲಿಸಿ ಎಡಿಟರ್ (ಸೆಟ್ಟಿಂಗನ್ನು ಯಾರೂ ಬದಲಿಸದಂತೆ ಕಡ್ಡಾಯ ಮಾಡುವ ಸಾಧನ) ಸಿಗುವುದಿಲ್ಲ. ಪ್ರೊ ಇದ್ದರೆ ಸಿಗುತ್ತದೆ. ಹಾಗೇ ವಿಂಡೋಸ್ 10 ಇದ್ದರೆ ಮಾಲೀಕರಿಗೆ ಒಂದು ಮಾತು ಹೇಳಿಬಿಡಿ: ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಥೀಮ್‌ಗಿಂತ ಅದು ದೊಡ್ಡ ಕೆಲಸ.

ಮೂರನೆಯದು ಆಕ್ಟಿವೇಶನ್. ಪರದೆಯ ಕೆಳಗೆ ಬಲ ಮೂಲೆಯಲ್ಲಿ ಮಸುಕಾಗಿ "ಆಕ್ಟಿವೇಟ್ ವಿಂಡೋಸ್" ಅಂತ ಕಂಡರೆ ಅಲ್ಲಿಗೇ ನಿಲ್ಲಿಸಿ. ಲೈಸೆನ್ಸ್ ಇಲ್ಲದ ವಿಂಡೋಸ್‌ನಲ್ಲಿ ಥೀಮ್ ಬದಲಿಸುವ ಪರ್ಸನಲೈಸೇಶನ್ ಪುಟವೇ ಮಂಕಾಗಿರುತ್ತದೆ, ಕ್ಲಿಕ್ ಆಗಲ್ಲ. ಅಡ್ಡದಾರಿಯಲ್ಲಿ ವಾಲ್‌ಪೇಪರ್ ಕೂರಿಸಿದರೂ ಆ ಬರಹ ಸಂಸ್ಥೆಯ ಲೋಗೋ ಪಕ್ಕದಲ್ಲೇ ಕೂತಿರುತ್ತದೆ. ಬಂದ ಗಿರಾಕಿ ಮೊದಲು ಓದೋದೇ ಅದನ್ನ.

## ಹಂತ 2: ಅಸಲಿ ಲೋಗೋ ಹುಡುಕಿ

"ಲೋಗೋ ವಾಟ್ಸಾಪ್ ಮಾಡ್ತೀನಿ" ಅಂದರೆ ಬೇಡ ಅನ್ನಿ. ಫೋಟೋ ಆಗಿ ಕಳಿಸಿದ್ದನ್ನು ವಾಟ್ಸಾಪ್ ಹಿಂಡಿ ಸಣ್ಣದು ಮಾಡುತ್ತದೆ. ಅಂಚೆಲ್ಲ ಹಲ್ಲು ಹಲ್ಲಾಗಿ ಬರುತ್ತದೆ. ಕಳಿಸಲೇಬೇಕು ಅಂದರೆ ಡಾಕ್ಯುಮೆಂಟ್ ಅಂತ ಕಳಿಸಲಿ.

ಒಳ್ಳೆ ಲೋಗೋ ಇರೋದು ಸಾಮಾನ್ಯವಾಗಿ ಆಫೀಸಿನಲ್ಲಿ ಅಲ್ಲ, ಬೋರ್ಡು ಮಾಡಿಕೊಟ್ಟ ಫ್ಲೆಕ್ಸ್ ಅಂಗಡಿಯಲ್ಲಿ. ಅಲ್ಲಿ ಹೋಗಿ ಕೋರೆಲ್ ಫೈಲ್ ಕೇಳಿ. ಅದು ಗೆರೆಗಳಿಂದ ಆದ ವೆಕ್ಟರ್, ಎಷ್ಟು ಹಿಗ್ಗಿಸಿದರೂ ಒಡೆಯಲ್ಲ. ಒಂದು ಎಚ್ಚರ: ಫ್ಲೆಕ್ಸ್ ಫೈಲ್ ಮುದ್ರಣದ ಬಣ್ಣದಲ್ಲಿ, ಅಂದರೆ ಸಿಎಂವೈಕೆಯಲ್ಲಿ ಇರುತ್ತದೆ. ಹಾಗೇ ಚಿತ್ರ ಮಾಡಿ ಹಾಕಿದರೆ ಪರದೆ ಮೇಲೆ ಬಣ್ಣ ಸತ್ತಂತೆ ಕಾಣಬಹುದು, ಇಲ್ಲವೇ ಕಣ್ಣು ಕುಕ್ಕಬಹುದು. ಆರ್‌ಜಿಬಿಗೆ, ಅಂದರೆ ಪರದೆಯ ಬಣ್ಣಕ್ಕೆ, ಬದಲಾಯಿಸಿ, ಸಂಸ್ಥೆಯ ಮುಖ್ಯ ಬಣ್ಣದ ಮೂರು ಅಂಕಿಗಳನ್ನು ನೋಟ್‌ಬುಕ್‌ನಲ್ಲಿ ಬರೆದಿಡಿ. ಉದಾಹರಣೆಗೆ ಒಂದು ಕುಂಕುಮಗೆಂಪು 122, 31, 43. ಐದನೇ ಹಂತದಲ್ಲಿ ಅದೇ ಅಂಕಿ ಬೇಕು.

ಕೆಲವು ಸಂಘಗಳು "ಸ್ವಲ್ಪ ತೂಕ ಇರಲಿ" ಅಂತ ಅಶೋಕ ಸ್ತಂಭದ ಸಿಂಹ ಹಾಕಿಸೋಕೆ ನೋಡುತ್ತವೆ. ಬೇಡ. ಭಾರತದ ರಾಷ್ಟ್ರ ಲಾಂಛನವನ್ನು ಖಾಸಗಿ ಸಂಸ್ಥೆಗಳು ಹೀಗೆ ಬಳಸದಂತೆ 2005ರ ಕಾಯ್ದೆಯೇ ಇದೆ.

## ಹಂತ 3: ಚಿತ್ರ, ಅದರ ಕತ್ತರಿ ಗೆರೆ ಸಮೇತ

ಎಲ್ಲರೂ ಜಾಸ್ತಿ ಕೆಡಿಸಿಕೊಳ್ಳುವ ಹಂತ ಇದು. ಸ್ವಲ್ಪ ನಿಧಾನವಾಗಿ ಓದಿ.

1920 × 1080 ಅಳತೆಯ ಖಾಲಿ ಹಾಳೆ ತೆಗೆದುಕೊಳ್ಳಿ. ಅದನ್ನು ವಿಂಡೋಸ್‌ನಲ್ಲಿ ಫಿಲ್ ಆಯ್ಕೆಯಿಂದ ಹಾಕಿದರೆ ಪರದೆ ತುಂಬುವವರೆಗೆ ಚಿತ್ರ ಹಿಗ್ಗುತ್ತೆ ಅಥವಾ ಕುಗ್ಗುತ್ತೆ, ಹೆಚ್ಚಾಗಿದ್ದು ಅಂಚಿನಲ್ಲಿ ಕತ್ತರಿಸಿ ಹೋಗುತ್ತೆ. 1366 × 768 ಲ್ಯಾಪ್‌ಟಾಪಿನಲ್ಲಿ ಆಕಾರ ಹೆಚ್ಚುಕಡಿಮೆ ಒಂದೇ, ಹೀಗಾಗಿ ಏನೂ ಕಳೆದುಹೋಗಲ್ಲ. ಆದರೆ ವೇಬ್ರಿಡ್ಜ್ ಕೋಣೆಯ 1280 × 1024 ಚೌಕದಲ್ಲಿ ಎಡಕ್ಕೆ ಸುಮಾರು 285, ಬಲಕ್ಕೆ ಸುಮಾರು 285 ಪಿಕ್ಸೆಲ್ ಮಾಯ. ಉಳಿಯೋದು ನಡುವಿನ 1350 ಮಾತ್ರ. ಬಲ ಮೂಲೆಗೆ ಚೆಂದ ಕಾಣುತ್ತೆ ಅಂತ ಒತ್ತಿ ಇಟ್ಟ ಲೋಗೋ ಅಲ್ಲಿ ಅರ್ಧ ಹೋಗಿರುತ್ತದೆ.

ಅದಕ್ಕೇ ಹಾಳೆ ಮೇಲೆ ಮೊದಲು ಗೈಡ್ ಗೆರೆ ಎಳೆಯಿರಿ. ಎಡದಿಂದ 285ರಲ್ಲಿ ಒಂದು, 1635ರಲ್ಲಿ ಇನ್ನೊಂದು. ಓದಬೇಕಾದದ್ದು ಎಲ್ಲವೂ ಈ ಎರಡರ ನಡುವೆ. ಕೆಳಗೆ ಟಾಸ್ಕ್‌ಬಾರ್ ಜಾಗ ಬಿಡಿ. ಮಾಮೂಲಿ ಸ್ಕೇಲ್‌ನಲ್ಲಿ ವಿಂಡೋಸ್ 10ರಲ್ಲಿ ಅದು 40 ಪಿಕ್ಸೆಲ್, 11ರಲ್ಲಿ 48. ಆದರೆ ಲ್ಯಾಪ್‌ಟಾಪ್ 125 ಅಥವಾ 150 ಪರ್ಸೆಂಟ್ ಸ್ಕೇಲ್‌ನಲ್ಲಿದ್ದರೆ ಅದೂ ಅದೇ ಲೆಕ್ಕದಲ್ಲಿ ಬೆಳೆಯುತ್ತದೆ. ಕೆಳಗಿನ 120 ಪಿಕ್ಸೆಲ್‌ನಲ್ಲಿ ಫೋನ್ ನಂಬರ್, ವಿಳಾಸ ಏನೂ ಇಡಬೇಡಿ.

ಎಡಗಡೆ ಐಕಾನ್‌ಗಳ ಊರು. ಟ್ಯಾಲಿ, ಎಕ್ಸೆಲ್, "ಹೊಸ ಫೋಲ್ಡರ್", "ಹೊಸ ಫೋಲ್ಡರ್ 2", ಹೀಗೆ ಸಾಲು ಸಾಲು. ಐಕಾನ್ ಹೆಸರು ಬಿಳಿ ಅಕ್ಷರದಲ್ಲಿ ಇರುತ್ತದೆ. ಹಿಂದೆ ಬಿಳಿ ಬಟ್ಟೆಯೋ ಬಿಸಿಲಿನ ಆಕಾಶವೋ ಇದ್ದರೆ ಓದೋಕೆ ಆಗಲ್ಲ. ಎಡಭಾಗ ಗಾಢ ಬಣ್ಣ, ಸಮತಟ್ಟು. ಲೋಗೋ ನಡುವಿನಿಂದ ಸ್ವಲ್ಪ ಬಲಕ್ಕೆ, ಸ್ವಲ್ಪ ಮೇಲಕ್ಕೆ.

ಅಕ್ಷರದ ಅಳತೆಯಲ್ಲೂ ಒಂದು ಲೆಕ್ಕ ಇದೆ. 1920ರ ಚಿತ್ರ 1366 ಪರದೆಗೆ ಬಂದಾಗ ಸುಮಾರು 0.71 ಪಟ್ಟಿಗೆ ಇಳಿಯುತ್ತದೆ. ನೀವು 24 ಪಿಕ್ಸೆಲ್ ಎತ್ತರ ಬರೆದದ್ದು ಅಲ್ಲಿ 17. ಅಷ್ಟರಲ್ಲಿ ಕನ್ನಡದ ಒತ್ತಕ್ಷರ ಓದೋಕೆ ಕಷ್ಟ. 40ಕ್ಕಿಂತ ಕಡಿಮೆ ಇಡಬೇಡಿ.

ಸ್ಟ್ರೆಚ್ ಆಯ್ಕೆ ಮುಟ್ಟಬೇಡಿ. ಚೌಕ ಮಾನಿಟರಿನಲ್ಲಿ ಅಧ್ಯಕ್ಷರ ಫೋಟೋ ಇದ್ದರೆ ಅವರು ಹದಿನೈದು ದಿನ ಊಟ ಬಿಟ್ಟವರ ಹಾಗೆ ಕಾಣುತ್ತಾರೆ. ಹಾಗೆ ನೋಡಿದರೆ ವಾಲ್‌ಪೇಪರ್ ಮೇಲೆ ಮನುಷ್ಯರ ಫೋಟೋನೇ ಬೇಡ ಅಂತ ನನ್ನ ಅಭಿಪ್ರಾಯ. ಮುಂದಿನ ಚುನಾವಣೆಗೆ ಅಧ್ಯಕ್ಷರು ಬದಲಾಗುತ್ತಾರೆ, ಎಲ್ಲ ಕಂಪ್ಯೂಟರಿಗೂ ನೀವೇ ಮತ್ತೆ ಓಡಾಡಬೇಕು.

ಹಿನ್ನೆಲೆಗೆ ಯಾವ ಫೋಟೋ? ಹಂಪಿಯ ಕಲ್ಲಿನ ರಥ ಅಂತ ಎಲ್ಲರೂ ಕೇಳ್ತಾರೆ. ಇಂಟರ್ನೆಟ್ಟಿನಿಂದ ಎತ್ತಿಕೊಂಡ ಫೋಟೋಗೆ ತೆಗೆದವರ ಹಕ್ಕು ಇರುತ್ತೆ, ಅದೊಂದು. ಪಕ್ಕದ ಆಫೀಸಿನಲ್ಲೂ ಅದೇ ರಥ ಇರುತ್ತೆ, ಇದು ಇನ್ನೊಂದು. ಬೆಳಿಗ್ಗೆ ಬಿಸಿಲು ಏರುವ ಮೊದಲು ನಿಮ್ಮದೇ ಜಾಗದ ಫೋಟೋ ತೆಗೆಯಿರಿ. ನೀಲಿ ಡೆನಿಮ್ ಥಾನುಗಳ ರಾಶಿ, ಸಾಲಾಗಿ ಪೇರಿಸಿದ ಅಕ್ಕಿ ಚೀಲ, ಹತ್ತಿ ಬೇಲು. ಒಂದೇ ಬಗೆಯ ವಸ್ತು ಸಾಲಾಗಿ ಇದ್ದರೆ ಹಿನ್ನೆಲೆಗೆ ತುಂಬ ಚೆನ್ನಾಗಿ ಕೂರುತ್ತದೆ. ಅದರ ಮೇಲೆ ಸಂಸ್ಥೆಯ ಬಣ್ಣದ ಗಾಢ ಪದರ ಹಾಸಿ.

ಉಳಿಸುವಾಗ ಜೆಪೆಗ್, ಕ್ವಾಲಿಟಿ 100. ಒಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ವಿಂಡೋಸ್ ವಾಲ್‌ಪೇಪರ್ ಹಾಕುವಾಗ ಜೆಪೆಗ್ ಚಿತ್ರವನ್ನು ತಾನೇ ಮತ್ತೊಮ್ಮೆ ಕುಗ್ಗಿಸಿ ತನ್ನ ನಕಲು ಇಟ್ಟುಕೊಳ್ಳುತ್ತದೆ. ಕೆಂಪು ಅಕ್ಷರದ ಸುತ್ತ ಕೊಳೆ ಹಿಡಿದಂತೆ ಕಾಣೋದು ಇದರಿಂದ. ವಿಂಡೋಸ್ ತನ್ನ ಸೆಟ್ಟಿಂಗ್ ಬರೆದಿಡುವ ರಿಜಿಸ್ಟ್ರಿಯಲ್ಲಿ ಕರೆಂಟ್ ಯೂಸರ್ ಕೆಳಗಿನ ಕಂಟ್ರೋಲ್ ಪ್ಯಾನಲ್, ಅದರ ಡೆಸ್ಕ್‌ಟಾಪ್ ಒಳಗೆ ಜೆಪೆಗ್ ಇಂಪೋರ್ಟ್ ಕ್ವಾಲಿಟಿ ಎಂಬ ಡಿವರ್ಡ್ (ಅಂಕಿ ಬಗೆಯ) ಮೌಲ್ಯವನ್ನು 100 ಮಾಡಿದರೆ ಸರಿಹೋಗುತ್ತದೆ. ಹೆಸರನ್ನು ಇಂಗ್ಲಿಷಿನಲ್ಲಿ ಜಾಗ ಬಿಡದೆ ಒಂದೇ ಪದವಾಗಿ, ಜೆಪೆಗ್ ಅನ್ನು ನಾಲ್ಕು ಅಕ್ಷರದಲ್ಲಿ ಬರೆಯಬೇಕು. ಆಮೇಲೆ ಚಿತ್ರವನ್ನು ಮತ್ತೆ ಹಾಕಬೇಕು. ರಿಜಿಸ್ಟ್ರಿ ಕೈ ಹಾಕಿ ಅಭ್ಯಾಸ ಇಲ್ಲದಿದ್ದರೆ ಬಿಡಿ, ಕೆಂಪಿನ ಬದಲು ಬಿಳಿ ಅಕ್ಷರ ಇಡಿ. ಅಷ್ಟಾಗಿ ಗೊತ್ತಾಗಲ್ಲ.

## ಹಂತ 4: ಕನ್ನಡ ಅಕ್ಷರ ಒಡೆದಿದೆಯಾ ನೋಡಿ

ರಾಯಚೂರಿನ ಒಬ್ಬರು ತಮ್ಮ ಅಂಗಡಿಗೆ ಮಾಡಿದ್ದು ಸರಿಯಾಗಿ ಬಂತು. ಅದೇ ಫೈಲಿನಲ್ಲಿ ಹೆಸರು ಬದಲಿಸಿ ಬಳ್ಳಾರಿ ಶಾಖೆಗೆ ಕಳಿಸಿದರು. ಅಲ್ಲಿ "ಬಳ್‌ಳಾರಿ" ಅಂತ ಮೂಡಿತ್ತು. "ರಾಯಚೂರು" ಪದದಲ್ಲಿ ಒತ್ತಕ್ಷರವೇ ಇಲ್ಲ, ಅದಕ್ಕೆ ಮೊದಲ ಸಲ ತಪ್ಪು ಗೊತ್ತಾಗಲಿಲ್ಲ.

ಫೋಟೋಶಾಪ್‌ನಲ್ಲಿ ಟೈಪ್ ಸೆಟ್ಟಿಂಗ್ ಭಾರತೀಯ ಭಾಷೆಗೆ ಹೊಂದಿಸಿರದಿದ್ದರೆ ಹೀಗಾಗುತ್ತೆ. ಪ್ರಿಫರೆನ್ಸಸ್‌ನ ಟೈಪ್ ಭಾಗದಲ್ಲಿ ಮಿಡ್ಲ್ ಈಸ್ಟರ್ನ್ ಅಂಡ್ ಸೌತ್ ಏಷಿಯನ್ ಅಥವಾ ವರ್ಲ್ಡ್ ರೆಡಿ ಅನ್ನೋ ಆಯ್ಕೆ ಹಿಡಿಯಿರಿ. ಇಂಕ್‌ಸ್ಕೇಪ್, ಗಿಂಪ್‌ಗಳಲ್ಲಿ ಯೂನಿಕೋಡ್ ಕನ್ನಡ ಸರಿಯಾಗಿ ಕೂರುತ್ತದೆ. ಯಾವುದರಲ್ಲಿ ಮಾಡಿದರೂ ಮೊದಲು ಈ ನಾಲ್ಕು ಪದ ಟೈಪ್ ಮಾಡಿ ನೋಡಿ: ಕೊಪ್ಪಳ, ಬಳ್ಳಾರಿ, ಕಾರ್ಖಾನೆ, ಸಂಸ್ಥೆ. ಒತ್ತಕ್ಷರ, ಅರ್ಕಾವತ್ತು ಎರಡೂ ಇದರಲ್ಲಿ ಬಂದುಹೋಗುತ್ತವೆ.

ಇನ್ನೊಂದು ರಗಳೆ ಹಳೆ ನುಡಿ ಫಾಂಟಿನ ಬರಹ. ಫ್ಲೆಕ್ಸ್ ಅಂಗಡಿಯಿಂದ ಬರೋದು ಬಹುತೇಕ ಅದೇ. ಅದರ ಒಳಗಿರೋದು ಕನ್ನಡ ಅಲ್ಲ, ಇಂಗ್ಲಿಷ್ ಸಂಕೇತಗಳಿಗೆ ಕನ್ನಡದ ಮುಖವಾಡ. ಫಾಂಟ್ ಬದಲಿಸಿದ ಕೂಡಲೇ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಬಿಡುತ್ತೆ. ಯೂನಿಕೋಡ್‌ಗೆ ಪರಿವರ್ತಿಸಿ, ಇಲ್ಲವೇ ಎರಡು ಸಾಲು ತಾನೇ, ಮತ್ತೆ ಟೈಪ್ ಮಾಡಿ. ಫಾಂಟ್‌ಗೆ ನೋಟೋ ಸಾನ್ಸ್ ಕನ್ನಡ ಸಾಕು. ಓದಿ ಸರಿ ಅನಿಸಿದ ಮೇಲೆ ಅಕ್ಷರವನ್ನು ಪಾತ್ (ಬರೀ ಗೆರೆ) ಆಗಿ ಬದಲಿಸಿ ಒಂದು ನಕಲು ಇಡಿ. ಬೇರೆ ಕಂಪ್ಯೂಟರಿನಲ್ಲಿ ತೆರೆದರೂ ಕೆಡಲ್ಲ.

ಆಫೀಸಿನ ಯಾರಾದರೂ ಒಬ್ಬರ ಹತ್ತಿರ ಗಟ್ಟಿಯಾಗಿ ಓದಿಸಿ. ಬರೆದವರ ಕಣ್ಣಿಗೆ ತನ್ನ ತಪ್ಪು ಕಾಣಲ್ಲ, ಅಲ್ವಾ?

## ಹಂತ 5: ಬಣ್ಣ ಹೊಂದಿಸಿ ಥೀಮ್ ಕಟ್ಟಿ

ಒಂದು ಕಂಪ್ಯೂಟರಿನಲ್ಲಿ ಮಾತ್ರ ಈ ಕೆಲಸ. ಮೊದಲು ಈಗಿರುವ ಥೀಮನ್ನು "ಹಳೇದು" ಅಂತ ಹೆಸರಿಟ್ಟು ಸೇವ್ ಮಾಡಿ. ಇದನ್ನು ಬಿಡಬೇಡಿ, ವಾಪಸ್ ಹೋಗೋ ದಾರಿ ಇದೊಂದೇ.

ಆಮೇಲೆ ಪರ್ಸನಲೈಸೇಶನ್‌ನಲ್ಲಿ ಚಿತ್ರ ಹಾಕಿ, ಫಿಲ್ ಆರಿಸಿ. ಕಲರ್ಸ್ ಪುಟಕ್ಕೆ ಹೋಗಿ ಕಸ್ಟಮ್ ಬಣ್ಣದಲ್ಲಿ ಎರಡನೇ ಹಂತದಲ್ಲಿ ಬರೆದಿಟ್ಟ ಮೂರು ಅಂಕಿ ಕೊಡಿ. ಟಾಸ್ಕ್‌ಬಾರ್ ಕೂಡ ಆ ಬಣ್ಣಕ್ಕೆ ಬರಬೇಕು ಅಂದರೆ ಅದೇ ಪುಟದಲ್ಲಿ ಅದಕ್ಕೊಂದು ಟಿಕ್ ಇದೆ. ಇಲ್ಲಿ ಬಹಳ ಜನ ಸಿಕ್ಕಿಹಾಕಿಕೊಳ್ಳುತ್ತಾರೆ. ಆ ಟಿಕ್ ಒತ್ತೋಕೇ ಬರಲ್ಲ, ಮಂಕಾಗಿರುತ್ತೆ. ಕಾರಣ, ಮೋಡ್ ಲೈಟ್‌ನಲ್ಲಿದೆ. ಕಸ್ಟಮ್ ಆರಿಸಿ, ವಿಂಡೋಸ್‌ಗೆ ಡಾರ್ಕ್, ಆಪ್‌ಗಳಿಗೆ ಲೈಟ್ ಕೊಡಿ. ಟಿಕ್ ತೆರೆದುಕೊಳ್ಳುತ್ತದೆ. ಆಪ್ ಲೈಟ್ ಇರಲಿ ಅನ್ನೋದಕ್ಕೆ ಕಾರಣ ಇದೆ: ದಿನವಿಡೀ ಬಿಲ್ ಹೊಡೆಯುವವರಿಗೆ ಪರದೆ ದಿಢೀರ್ ಕಪ್ಪಾದರೆ ಸಿಟ್ಟು ಬರುತ್ತದೆ.

ಶಬ್ದ, ಮೌಸ್ ಬಾಣ, ರೀಸೈಕಲ್ ಬಿನ್ ಐಕಾನ್ ಮುಟ್ಟಬೇಡಿ. ಇನ್ನು ವಿಂಡೋಸ್‌ನ ಕಿಟಕಿ ಅಂಚು, ಗುಂಡಿಗಳನ್ನೇ ಬದಲಿಸುವ "ಪ್ಯಾಚ್" ಸಿಗುತ್ತವೆ. ಅವು ವಿಂಡೋಸ್‌ನ ಸ್ವಂತ ಫೈಲ್‌ಗಳನ್ನು ತಿದ್ದುತ್ತವೆ, ಮುಂದಿನ ಅಪ್‌ಡೇಟ್‌ಗೆ ಒಡೆದುಹೋಗುತ್ತವೆ. ಮನೆ ಕಂಪ್ಯೂಟರಿನಲ್ಲಿ ಆಟ ಆಡಿ ಬೇಕಾದರೆ. ದುಡ್ಡಿನ ಲೆಕ್ಕ ಇರೋ ಕಡೆ ಬೇಡವೇ ಬೇಡ.

ಎಲ್ಲ ಹೊಂದಿದ ಮೇಲೆ ಥೀಮ್ಸ್ ಪುಟದಲ್ಲಿ ಸೇವ್ ಒತ್ತಿ ಹೆಸರು ಕೊಡಿ. ಆ ಥೀಮ್ ಮೇಲೆ ಬಲ ಕ್ಲಿಕ್ ಮಾಡಿ ಸೇವ್ ಥೀಮ್ ಫಾರ್ ಶೇರಿಂಗ್ ಆರಿಸಿ. ಡೆಸ್ಕ್‌ಥೀಮ್‌ಪ್ಯಾಕ್ ಅನ್ನೋ ಒಂದೇ ಫೈಲ್ ಬರುತ್ತದೆ. ಚಿತ್ರವೂ ಬಣ್ಣವೂ ಅದರೊಳಗೇ ಗಂಟು ಕಟ್ಟಿಕೊಂಡಿರುತ್ತವೆ.

ಬಹಳ ಜನ ಇದರ ಬದಲು ಬರೀ ಡಾಟ್ ಥೀಮ್ ಫೈಲ್ ಕಾಪಿ ಮಾಡಿಕೊಂಡು ಹೋಗುತ್ತಾರೆ. ಅದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ, ಬರೀ ಸಾಲು ಸಾಲು ಬರಹ. ವಾಲ್‌ಪೇಪರ್ ಅನ್ನೋ ಸಾಲಿನಲ್ಲಿ ಚಿತ್ರ ಇಲ್ಲ, ಚಿತ್ರದ ವಿಳಾಸ ಮಾತ್ರ ಇದೆ. ಆ ವಿಳಾಸ ನಿಮ್ಮ ಕಂಪ್ಯೂಟರಿನದು. ಅವರ ಕಂಪ್ಯೂಟರಿನಲ್ಲಿ ಆ ಜಾಗದಲ್ಲಿ ಏನೂ ಇರಲ್ಲ, ಪರದೆ ಕಪ್ಪು.

## ಹಂತ 6: ಒಂದೇ ಕಂಪ್ಯೂಟರಿನಲ್ಲಿ ಎರಡು ದಿನ

ಎಲ್ಲಕ್ಕಿಂತ ಹಳೆಯ ಕಂಪ್ಯೂಟರನ್ನೇ ಆರಿಸಿ. ವೇಬ್ರಿಡ್ಜ್‌ನದು ಅಂದುಕೊಳ್ಳಿ. ಫೈಲ್ ಕಾಪಿ ಮಾಡಿ, ಡಬಲ್ ಕ್ಲಿಕ್ ಮಾಡಿ, ಪೆನ್ ಡ್ರೈವ್ ಕಿತ್ತು ಜೇಬಿಗೆ ಹಾಕಿ. ಈಗ ಕಂಪ್ಯೂಟರ್ ಪೂರ್ತಿ ಆಫ್ ಮಾಡಿ ಮತ್ತೆ ಹಚ್ಚಿ. ಚಿತ್ರ ಉಳಿದಿದೆಯಾ? ಅಲ್ಲಿ ಕೆಲಸ ಮಾಡುವವರು ಕೂತ ಕುರ್ಚಿಯಲ್ಲೇ ಕೂತು ನೋಡಿ, ಮಧ್ಯಾಹ್ನ ಬಾಗಿಲಿನಿಂದ ಬಿಸಿಲು ಬೀಳುವ ಹೊತ್ತಿನಲ್ಲೂ ಒಮ್ಮೆ ನೋಡಿ. ಅಗ್ಗದ ಪರದೆಗಳಲ್ಲಿ ಗಾಢ ನೀಲಿಯಿಂದ ಕಪ್ಪಿಗೆ ಇಳಿಯುವ ಬಣ್ಣ ಪಟ್ಟೆ ಪಟ್ಟೆಯಾಗಿ ಒಡೆಯುತ್ತದೆ. ಹಾಗಾದರೆ ಚಿತ್ರಕ್ಕೆ ತುಸು ನಾಯ್ಸ್ (ಸಣ್ಣ ಸಣ್ಣ ಚುಕ್ಕೆ) ಬೆರೆಸಿ, ಪಟ್ಟೆ ಮರೆಯಾಗುತ್ತವೆ.

ಎರಡು ದಿನ ಬಿಟ್ಟು ಅವರನ್ನೇ ಕೇಳಿ. "ಚೆಂದೈತ್ರೀ" ಅನ್ನೋದು ಉತ್ತರ ಅಲ್ಲ. ಅವರು ಐಕಾನ್‌ಗಳನ್ನು ಎಳೆದು ಬೇರೆ ಕಡೆ ಇಟ್ಟಿದ್ದಾರಾ ನೋಡಿ. ಇಟ್ಟಿದ್ದರೆ ಹಳೆ ಜಾಗದಲ್ಲಿ ಹೆಸರು ಓದೋಕೆ ಆಗಿಲ್ಲ ಅಂತ ಅರ್ಥ. ಮೂರನೇ ಹಂತಕ್ಕೆ ವಾಪಸ್.

## ಹಂತ 7: ಉಳಿದವಕ್ಕೆ ಹಾಕುವುದು

ಹತ್ತು ಕಂಪ್ಯೂಟರ್ ಒಳಗಿದ್ದರೆ ಪೆನ್ ಡ್ರೈವ್ ಹಿಡಿದು ನೀವೇ ಹೋಗಿ ಹಾಕೋದು ವಾಸಿ. ಒಂದೊಂದಕ್ಕೆ ಐದು ನಿಮಿಷ. ಥೀಮ್ ಅನ್ನೋದು ಕಂಪ್ಯೂಟರಿಗೆ ಅಲ್ಲ, ಅಕೌಂಟಿಗೆ ಸೇರಿದ್ದು. ಅಡ್ಮಿನ್ ಆಗಿ ಲಾಗಿನ್ ಆಗಿ ಹಾಕಿ ಬಂದರೆ ಕ್ಯಾಷಿಯರ್ ಲಾಗಿನ್ ಆದಾಗ ಹಳೇದೇ ಕಾಣುತ್ತದೆ. ಯಾರು ಕೂರುತ್ತಾರೋ ಅವರ ಲಾಗಿನ್‌ನಲ್ಲೇ ತೆರೆಯಬೇಕು.

ಯಾರೂ ಬದಲಿಸಬಾರದು ಅಂತ ಮಾಲೀಕರ ಹಟ ಇದ್ದರೆ ಪ್ರೊ ಎಡಿಷನ್‌ನಲ್ಲಿ ಗ್ರೂಪ್ ಪಾಲಿಸಿ ಎಡಿಟರ್ ತೆರೆಯಿರಿ. ಯೂಸರ್ ಕಾನ್ಫಿಗರೇಶನ್, ಅಡ್ಮಿನಿಸ್ಟ್ರೇಟಿವ್ ಟೆಂಪ್ಲೇಟ್ಸ್, ಡೆಸ್ಕ್‌ಟಾಪ್, ಅದರೊಳಗೆ ಮತ್ತೆ ಡೆಸ್ಕ್‌ಟಾಪ್. ಅಲ್ಲಿರುವ ಡೆಸ್ಕ್‌ಟಾಪ್ ವಾಲ್‌ಪೇಪರ್‌ಗೆ ಚಿತ್ರದ ವಿಳಾಸ ಕೊಡಬೇಕು. ನಾನು ಗಂಗಾವತಿಯಲ್ಲಿ ಎಡವಿದ್ದು ಇಲ್ಲೇ. ವಿಳಾಸ ಆ ಕಂಪ್ಯೂಟರಿನ ಸಿ ಡ್ರೈವ್‌ನದ್ದೇ ಇರಲಿ. ಪ್ರೋಗ್ರಾಂ ಡೇಟಾ ಫೋಲ್ಡರ್ ಒಳಗೆ ಸಂಸ್ಥೆಯ ಹೆಸರಲ್ಲಿ ಒಂದು ಫೋಲ್ಡರ್ ಮಾಡಿ ಚಿತ್ರ ಇಡಿ. ಅದು ಮಾಮೂಲಿಯಾಗಿ ಕಣ್ಣಿಗೆ ಬೀಳಲ್ಲ, ಯಾರೂ ಸುಮ್ನೆ ಡಿಲೀಟ್ ಮಾಡಲ್ಲ. ಶೇರ್ಡ್ ಫೋಲ್ಡರ್, ಡಿ ಡ್ರೈವ್, ಪೆನ್ ಡ್ರೈವ್ ಯಾವುದೂ ಬೇಡ. ಕರೆಂಟ್ ಹೋಗಿ ಬಂದಾಗ ಯಾವ ಕಂಪ್ಯೂಟರ್ ಮೊದಲು ಎದ್ದೇಳುತ್ತೆ ಅಂತ ಹೇಳೋಕೆ ಬರಲ್ಲ.

ಲಾಕ್ ಸ್ಕ್ರೀನ್‌ಗೂ ಚಿತ್ರ ಬೇಕು ಅಂದರೆ ಅದನ್ನು ಕಡ್ಡಾಯ ಮಾಡುವ ಪಾಲಿಸಿ ಎಂಟರ್‌ಪ್ರೈಸ್ ಮತ್ತು ಎಜುಕೇಶನ್ ಎಡಿಷನ್‌ಗಳಿಗೆ. ಉಳಿದ ಕಡೆ ಕೈಯಿಂದಲೇ ಹಾಕಿ.

ಕಣ್ಣು ಮಂದ ಇರುವವರು ಹೈ ಕಾಂಟ್ರಾಸ್ಟ್ ಥೀಮ್ ಬಳಸುತ್ತಿದ್ದರೆ ಅವರದನ್ನು ಬಿಟ್ಟುಬಿಡಿ. ನಿಮ್ಮ ಫೈಲ್ ತೆರೆದ ಕ್ಷಣ ಅವರ ದೊಡ್ಡ ಸಹಾಯ ಅಳಿಸಿಹೋಗುತ್ತದೆ.

## ಈ ಲಕ್ಷಣ ಕಂಡರೆ

ಮರುದಿನ ಕಪ್ಪು ಪರದೆ ಬಂದರೆ ಚಿತ್ರದ ವಿಳಾಸ ತಪ್ಪು. ಒಂದೇ ಕಂಪ್ಯೂಟರಿನಲ್ಲಿ ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬರದಿದ್ದರೆ ಅಕೌಂಟ್ ಬೇರೆ. ಸೆಟ್ಟಿಂಗ್ಸ್‌ನಲ್ಲಿ ಎಲ್ಲ ಮಂಕಾಗಿದ್ದರೆ ಆಕ್ಟಿವೇಶನ್ ಇಲ್ಲ, ಇಲ್ಲವೇ ಹಿಂದೆ ಯಾರೋ ಪಾಲಿಸಿ ಹಾಕಿದ್ದಾರೆ.

ಥೀಮ್ ಹಾಕಿದ ಕೂಡಲೇ ಪಾಸ್‌ವರ್ಡ್ ಕೇಳುವ ಚೌಕ ಬಂದರೆ ಕೈ ತೆಗೆಯಿರಿ, ಏನೂ ಟೈಪ್ ಮಾಡಬೇಡಿ. ಚಿತ್ರದ ವಿಳಾಸವನ್ನು ಹೊರಗಿನ ಸರ್ವರ್‌ಗೆ ತಿರುಗಿಸಿ ಪಾಸ್‌ವರ್ಡ್ ಕದಿಯಬಹುದು ಅಂತ 2020ರಲ್ಲೇ ತೋರಿಸಿಕೊಟ್ಟಿದ್ದಾರೆ. ಥೀಮ್ ಫೈಲ್ ಮೂಲಕ ಕಂಪ್ಯೂಟರಿನೊಳಗೆ ನುಗ್ಗುವ ಇನ್ನೊಂದು ಲೋಪವನ್ನು ಮೈಕ್ರೋಸಾಫ್ಟ್ 2023ರ ಸೆಪ್ಟೆಂಬರ್‌ನಲ್ಲಿ ಸರಿಪಡಿಸಿತು. ಅಪ್‌ಡೇಟ್ ನಿಲ್ಲಿಸಿಟ್ಟ ಕಂಪ್ಯೂಟರಿಗೆ ಆ ಸರಿಪಡಿಕೆ ಬಂದಿರಲ್ಲ. ಇಂಟರ್ನೆಟ್ಟಿನಲ್ಲಿ ಸಿಕ್ಕಿದ ರೆಡಿಮೇಡ್ ಥೀಮ್ ಆಫೀಸಿಗೆ ತರಬೇಡಿ.

## ಆಮೇಲೆ ಚಿತ್ರ ಬದಲಿಸುವಾಗ

ಆಯುಧ ಪೂಜೆಗೆ ಮಾನಿಟರಿಗೆ ಕುಂಕುಮ ಹಚ್ಚಿದ ಮೇಲೆ "ಹಬ್ಬಕ್ಕೆ ಒಂದು ಚಿತ್ರ ಹಾಕ್ರೀ" ಅಂತ ಕೇಳೇ ಕೇಳ್ತಾರೆ. ಹಳೆ ಚಿತ್ರದ ಜಾಗದಲ್ಲಿ ಅದೇ ಹೆಸರಿನ ಹೊಸ ಚಿತ್ರ ಇಟ್ಟು, ಬದಲಾಗಲಿಲ್ಲ ಅಂತ ತಲೆ ಕೆರೆದುಕೊಳ್ಳಬೇಡಿ. ವಿಂಡೋಸ್ ತಾನು ಮಾಡಿಟ್ಟುಕೊಂಡ ಹಳೆ ನಕಲನ್ನೇ ತೋರಿಸುತ್ತಾ ಇರುತ್ತದೆ. ಹೊಸ ಚಿತ್ರಕ್ಕೆ ಹೊಸ ಹೆಸರು ಕೊಡಿ, ಕೊನೆಗೆ ಒಂದು 2 ಸೇರಿಸಿದರೂ ಸಾಕು. ಪಾಲಿಸಿಯಲ್ಲೂ ಅದೇ ಹೆಸರು ತಿದ್ದಿ, ಒಮ್ಮೆ ಲಾಗ್ ಔಟ್ ಆಗಿ ಬನ್ನಿ.